ಕ್ರಿಸ್ಪೂಲೊ ಕೋಚ್ ಹುಡುಕಿದ್ದು

ಕ್ರಿಸ್ಪೂಲೊನ ಮನೆಗೆ ಕಡಲ ಗಾಳಿ ಬರಲು ಇದ್ದದ್ದು ಒಂದೇ ಕಿಟಕಿ. ಒಂದು ಮಂಗಳವಾರ ಬೆಳಿಗ್ಗೆ ಆ ಕಿಟಕಿಗೆ ಅಡ್ಡವಾಗಿ ಪಕ್ಕದ ಮನೆಯ ಜೋಮಾರ್ ಬಂದು ನಿಂತ. ನಿಜವಾದ ಜೋಮಾರ್ ಅಲ್ಲ, ಫ್ಲೆಕ್ಸಿನ ಮೇಲಿನ ಜೋಮಾರ್. ಅವನಿಗೆ ಟೇಕ್ವಾಂಡೋದಲ್ಲಿ ಕಂಚಿನ ಪದಕ ಬಂದಿತ್ತು. ಅವನ ಅಜ್ಜಿ ಆಲಿಂಗ್ ಚಾರಿಂಗ್ ಸಾನ್ ತೆಲ್ಮೊ ಊರಿನ ಎಲ್ಲ ಅಜ್ಜಿಯರೂ ಮಾಡುವುದನ್ನೇ ಮಾಡಿದಳು. ಹತ್ತಡಿ ಉದ್ದದ ಅಭಿನಂದನೆಯ ಫ್ಲೆಕ್ಸ್ ಮಾಡಿಸಿ ತನ್ನ ಗೋಡೆಯಿಂದ ಕರೆಂಟ್ ಕಂಬದವರೆಗೆ ಕಟ್ಟಿಸಿದಳು. ಬೆಳಗಿನ ಬಿಸಿಲು ಬಿದ್ದಾಗ ಜೋಮಾರನ ಒದೆಯುವ ಕಾಲು ಫ್ಲೆಕ್ಸಿನ ಹಿಂಬದಿಯಿಂದ ಹಾದು, ಕ್ರಿಸ್ಪೂಲೊನ ಊಟದ ಮೇಜಿನ ಮೇಲೆ ನೆರಳಾಗಿ ಬೀಳುತ್ತಿತ್ತು.

ಕ್ರಿಸ್ಪೂಲೊ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದ. ಬೀದಿಯಲ್ಲಿ ಮೀನಿನ ಗಾಡಿಯ ಸುತ್ತ ಅರ್ಧ ಕೇರಿಯೇ ಸೇರಿತ್ತು.

"ಆಲಿಂಗ್ ಚಾರಿಂಗ್, ನಮ್ಮನೆಗೆ ಗಾಳಿ ಬರ್ತಾ ಇಲ್ಲ."

"ಗಾಳಿನಾ?" ಆಲಿಂಗ್ ಚಾರಿಂಗ್ ಮೀನಿನ ಕಿವಿರು ಎತ್ತಿ ನೋಡುತ್ತಲೇ ಹೇಳಿದಳು. "ಗಾಳಿ ಇವತ್ತಲ್ಲ ನಾಳೆ ಬರುತ್ತಪ್ಪ, ಎಲ್ರಿಗೂ ಬರುತ್ತೆ. ಪದಕ ಹಾಗಲ್ಲ ನೋಡು."

ಕೇರಿ ನಕ್ಕಿತು. ಮೀನು ಮಾರುವವನೂ ನಕ್ಕ. ಆಗ ಕ್ರಿಸ್ಪೂಲೊನ ಬಾಯಿಂದ ಒಂದು ಮಾತು ಹೊರಬಿತ್ತು. ಅದು ಎಲ್ಲಿಂದ ಬಂತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

"ನಮ್ಮ ಅಮಿಗೂ ಕೋಚ್‌ಗಳು ಮುಗಿಬಿದ್ದಿದ್ದಾರೆ. ಯಾರ ಹತ್ರ ಬಿಡೋದು ಅಂತ ನಾವೇ ಇನ್ನೂ ಯೋಚನೆ ಮಾಡ್ತಿದ್ದೀವಿ."

"ಹೌದಾ! ಯಾವ ಆಟಕ್ಕೆ?"

"ಅದನ್ನೂ ಯೋಚನೆ ಮಾಡ್ತಿದ್ದೀವಿ."

ಹನ್ನೊಂದು ವರ್ಷದ ಅಮಿಹಾನ್ ಮನೆಯ ಮೆಟ್ಟಿಲ ಮೇಲೆ ಎರಡು ತಿಂಗಳ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಪರಿಚಿತನನ್ನು ನೋಡುವ ಹಾಗೆ ಅವಳು ಅಪ್ಪನನ್ನು ನೋಡಿದಳು.

ಕ್ರಿಸ್ಪೂಲೊ ಕೆಟ್ಟವನಲ್ಲ. ಮದುವೆ ಹಬ್ಬಗಳಲ್ಲಿ ಹಾಡುವ ಕರೋಕೆ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ಅವನಿಗಿದ್ದ ದೋಷ ಒಂದೇ, ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಒಂದೇ ಪೆಟ್ಟಿಗೆಯನ್ನು ಒಂದೇ ಭಾನುವಾರಕ್ಕೆ ಮೂರು ಮನೆಗೆ ಒಪ್ಪಿಕೊಂಡು, ಎರಡೆರಡು ಹಾಡಿಗೊಮ್ಮೆ ಅದನ್ನು ಗಾಡಿಯಲ್ಲಿ ಹೇರಿಕೊಂಡು ಊರು ಸುತ್ತಿದ ದಾಖಲೆಯೂ ಅವನದೇ. ಕೇಳಲೂ ಅವನಿಗೆ ಬರುತ್ತಿರಲಿಲ್ಲ. ಉಪ್ಪು ಬೇಕಾದರೆ ಪಕ್ಕದ ಮನೆಗೆ ಹೋಗಿ ಹವಾಮಾನದ ಬಗ್ಗೆ ಅರ್ಧ ಗಂಟೆ ಮಾತಾಡಿ ಬರಿಗೈಯಲ್ಲಿ ಬರುವ ಜಾತಿ.

ಸುದ್ದಿ ಮಧ್ಯಾಹ್ನದೊಳಗೆ ಊರು ತುಂಬಿತು. ಮೀನಿನವನು ವಾಲಿಬಾಲ್ ಎಂದ. ಕ್ಷೌರದವನು ಚದುರಂಗ ಎಂದ, ಬೆವರು ಬರುವುದಿಲ್ಲ, ಬಟ್ಟೆ ಒಗೆಯುವ ಕೆಲಸ ತಪ್ಪುತ್ತದೆ ಎಂದು ಕಾರಣವನ್ನೂ ಕೊಟ್ಟ. "ಯಾರಪ್ಪಾ ಕೋಚು?" ಎಂದು ಮೂಲೆಯ ರಿಕ್ಷಾದವರು ದಿನಾ ಕೇಳತೊಡಗಿದರು. ನಾಲ್ಕನೆಯ ದಿನ ಕ್ರಿಸ್ಪೂಲೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋಚ್ ದೆಲ್ಫಿನ್‌ನ ಹತ್ತಿರ ಹೋದ.

ಕೋಚ್ ದೆಲ್ಫಿನ್ ಬಾಸ್ಕೆಟ್‌ಬಾಲ್ ಕಲಿಸುವವನು. ಆರಡಿ ಎತ್ತರ, ಕಪ್ಪು ಕನ್ನಡಕ, ಕತ್ತಿನಲ್ಲಿ ಸೀಟಿ. ಮಾತಿನ ನಡುವೆ ಪೂರ್ಣವಿರಾಮ ಹಾಕುವುದಕ್ಕೂ ಅವನು ಸೀಟಿಯನ್ನೇ ಬಳಸುತ್ತಿದ್ದ.

"ತಂಡ ತುಂಬಿದೆ. ಹದಿನೈದು ಹುಡುಗೀರು ಕಾಯ್ತಿದ್ದಾರೆ. ಇರ್ಲಿ, ನಿಮ್ಮ ಮನೇಲಿ ಎತ್ತರದೋರು ಯಾರಾದ್ರೂ ಇದ್ದಾರಾ?"

"ನಮ್ಮ ಮಾವ ಇದ್ರು. ತೀರಿಕೊಂಡ್ರು."

"ಎಷ್ಟಿದ್ರು?"

"ಶವಪೆಟ್ಟಿಗೆ ಐದೂವರೆ ಅಡೀದು ತಂದಿದ್ವಿ," ಎಂದ ಕ್ರಿಸ್ಪೂಲೊ ಪ್ರಾಮಾಣಿಕವಾಗಿ. "ಸ್ವಲ್ಪ ಜಾಗ ಉಳೀತು."

ದೆಲ್ಫಿನ್ ಸೀಟಿ ಊದಿದ. ಮಾತು ಮುಗಿಯಿತು ಎಂದು ಅರ್ಥ. ಕ್ರಿಸ್ಪೂಲೊ ಗೇಟಿನವರೆಗೆ ಹೋದ. ರಿಕ್ಷಾ ಸ್ಟ್ಯಾಂಡ್ ಕಂಡಿತು. ತಿರುಗಿ ಬಂದ. ಏನಾದರೂ ಹೇಳಲೇಬೇಕಿತ್ತು, ಹೇಳಿದ:

"ಕೋಚ್, ಮುಂದಿನ ತಿಂಗಳು ನನ್ನ ಚಿಕ್ಕ ಮಗಂಗೆ ದೀಕ್ಷಾಸ್ನಾನ. ನೀವು ಅವನಿಗೆ ನಿನೋಂಗ್ ಆಗ್ತೀರಾ?"

ನಿನೋಂಗ್ ಎಂದರೆ ಮಗುವಿನ ಧರ್ಮತಂದೆ. ಈ ಪ್ರಶ್ನೆಗೆ ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದರೆ ಮಗುವಿಗೆ ಒಳ್ಳೆಯದಾಗುವುದಿಲ್ಲ, ಇಲ್ಲ ಎಂದವನ ಮುಖವನ್ನು ಊರು ನೋಡುವುದಿಲ್ಲ. ಹೂಂ ಎಂದ ಗಳಿಗೆಯಿಂದ ಮಗುವಿನ ಅಪ್ಪನಿಗೂ ಅವನಿಗೂ ಕುಂಪಾರೆಯ ಸಂಬಂಧ. ಅದು ಬೀಗತನಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚು, ಏಕೆಂದರೆ ಬೀಗರ ಜೊತೆ ಜಗಳವಾಡಬಹುದು.

ದೆಲ್ಫಿನ್ ಕನ್ನಡಕ ತೆಗೆದ. ಆಕಾಶ ನೋಡಿದ. ಕ್ರಿಸ್ಪೂಲೊನನ್ನು ತಬ್ಬಿಕೊಂಡ.

"ಪಾರೆ!" ಎಂದ. ಕುಂಪಾರೆಗಳು ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. "ಮೊದ್ಲೇ ಹೇಳ್ಬಾರ್ದಾ! ಸೋಮವಾರ ಬೆಳಿಗ್ಗೆ ಐದಕ್ಕೆ ಹುಡುಗೀನ ಕಳಿಸು."

ಕ್ರಿಸ್ಪೂಲೊ ಮನೆಗೆ ಹಾರಿಕೊಂಡು ಬಂದ. ನಲವತ್ತೊಂದು ವರ್ಷ ಬದುಕಿ ಕೊನೆಗೂ ಅವನಿಗೊಂದು ಕೀಲಿಕೈ ಸಿಕ್ಕಿತ್ತು. ಯಾವ ಬೀಗಕ್ಕೆ ಹಾಕಿದರೂ ತೆರೆಯುವಂಥದು.

ಸೋಮವಾರ ಅಮಿ ಆಟಕ್ಕೆ ಹೋದಳು. ಮಂಗಳವಾರ ಆಲಿಂಗ್ ಚಾರಿಂಗ್ ಬೇಲಿಯ ಮೇಲಿಂದ ಕೇಳಿದಳು, "ಬಾಸ್ಕೆಟ್‌ಬಾಲಂತೆ? ಪಾಪ, ನಿನ್ನೆ ನಾನು ಹೋಗಿ ನೋಡಿದೆ. ಚೆಂಡು ಒಂದೇ ಓಡಾಡ್ತಿದೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಹಿಂದೆ ಅಮಿ ಇದ್ದಾಳೆ!"

ಕ್ರಿಸ್ಪೂಲೊನಿಗೆ ಊಟ ಸೇರಲಿಲ್ಲ. ಎರಡು ಮೂರು ಚಪ್ಪಲಿ ಹಾಕಿ ನೋಡದೆ ಯಾರಾದರೂ ಒಂದನ್ನೇ ಕೊಳ್ಳುತ್ತಾರೆಯೇ ಎಂದುಕೊಂಡು, ಅದೇ ಸಂಜೆ ಮಾಸ್ಟರ್ ಉರ್ಬಾನೊನ ತೆಂಗಿನ ತೋಪಿಗೆ ಹೋದ.

ಮಾಸ್ಟರ್ ಉರ್ಬಾನೊ ಬೆತ್ತದ ಕೋಲಿನ ವರಸೆ ಕಲಿಸುವ ಮುದುಕ. ಒಬ್ಬನೇ ಇರುತ್ತಿದ್ದ. ಅವನ ಕೋಲಿಗೆ ಊರು ಹೆದರುತ್ತಿತ್ತು, ಅವನ ಮೌನಕ್ಕೆ ಅದಕ್ಕಿಂತ ಹೆಚ್ಚು. ಬೆತ್ತದ ಸಿಪ್ಪೆ ಹೆರೆಯುತ್ತಾ ಕೂತಿದ್ದ ಅವನ ಎದುರು ನಿಂತು ಕ್ರಿಸ್ಪೂಲೊ ಹತ್ತು ನಿಮಿಷ ಮಾತಾಡಿದ. ಗಾಳಿ, ಕಿಟಕಿ, ಮಳೆ ತಡವಾದದ್ದು, ಎಲ್ಲ ಬಂತು.

"ಅಪ್ಪನೇ ಇಷ್ಟು ಮಾತಾಡಿದ್ರೆ ಮಗಳು ಕೋಲು ಎತ್ತೋದು ಯಾವಾಗ?" ಎಂದ ಉರ್ಬಾನೊ. "ಜಾಗ ಇಲ್ಲ. ಹೋಗು."

ಕ್ರಿಸ್ಪೂಲೊ ಕೀಲಿಕೈ ತೆಗೆದ. "ಮಾಸ್ಟರ್, ನನ್ನ ಮಗಂಗೆ ನಿನೋಂಗ್ ಆಗ್ತೀರಾ?"

ಹೆರೆಯುವ ಕತ್ತಿ ನಿಂತಿತು. ಆಮೇಲೆ ಮುದುಕ ತೋಳಿನಿಂದ ಕಣ್ಣು ಒರೆಸಿಕೊಂಡ.

"ನಂಗೆ ಅರವತ್ತೊಂಬತ್ತು," ಎಂದ. "ಇಲ್ಲೀತನಕ ಯಾರೂ ಕೇಳಿರಲಿಲ್ಲ."

ಆ ಮಾತು ಕ್ರಿಸ್ಪೂಲೊನ ಎದೆಯಲ್ಲಿ ಎಲ್ಲೋ ಚುಚ್ಚಿತು. ಆದರೆ ಉರ್ಬಾನೊ ಆಗಲೇ ಎದ್ದು ಅಮಿಯ ಅಳತೆಗೆ ಒಂದು ಬೆತ್ತ ಆರಿಸುತ್ತಿದ್ದ. "ಬೆಳಿಗ್ಗೆ ಆರೂಕಾಲಿಗೆ ಕಳಿಸು, ಪಾರೆ." ಪಾರೆ ಎಂಬ ಪದವನ್ನು ಅವನು ಹೊಸ ಹಲ್ಲಿನಿಂದ ಕಡಿಯುವವನ ಹಾಗೆ ಜೋಪಾನವಾಗಿ ಹೇಳಿದ.

ಹೀಗಾಗಿ ಅಮಿ ಐದರಿಂದ ಆರರವರೆಗೆ ಚೆಂಡು ಪುಟಿಸಿ, ಹದಿನೈದು ನಿಮಿಷದಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಓಡಿ, ಆರೂಕಾಲಿಗೆ ಕೋಲು ಹಿಡಿದು, ಏಳಕ್ಕೆ ಮತ್ತೆ ಓಡಿ ಶಾಲೆಗೆ ಹೋಗತೊಡಗಿದಳು. ಒಂದು ವಾರ ಕಳೆದಿತ್ತು. ಶಾಲೆಯ ವ್ಯಾಯಾಮದ ಟೀಚರ್ ಪೆರ್ಲಾ, ಯಾರೂ ಕರೆಯದೆ, ತಾನಾಗಿಯೇ, ಹಾಡುಹಗಲಲ್ಲಿ, ಕೇರಿಯ ಕಣ್ಣೆದುರು ಕ್ರಿಸ್ಪೂಲೊನ ಮನೆಗೆ ಬಂದಳು.

"ನಿಮ್ಮ ಮಗಳು ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೆ ಓಡ್ತಾಳೆ. ನಾಯಿಗಳು ಹಿಂದೆ ಬಿದ್ದು ಸುಸ್ತಾಗಿ ವಾಪಸ್ ಬರ್ತಾವೆ. ಇಂಥ ಕಾಲು ನಾನು ಹದಿನೆಂಟು ವರ್ಷದಲ್ಲಿ ನೋಡಿಲ್ಲ. ನನ್ನ ಹತ್ರ ಬಿಡಿ, ಓಟ ಕಲಿಸ್ತೀನಿ."

ಆಲಿಂಗ್ ಚಾರಿಂಗ್ ಬೇಲಿಯ ಆಚೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿದಳು. ಕ್ರಿಸ್ಪೂಲೊನ ಸುಳ್ಳು ನಿಜವಾಗಿತ್ತು. ಕೋಚ್ ಮನೆ ಬಾಗಿಲಿಗೇ ಬಂದಿದ್ದಳು. ಆಗಲಿ ಟೀಚರ್ ಎನ್ನಬಹುದಿತ್ತು, ಕ್ಷಮಿಸಿ ಟೀಚರ್ ಎನ್ನಲೂಬಹುದಿತ್ತು. ಎರಡೂ ಅಭ್ಯಾಸವಿಲ್ಲದ ಕ್ರಿಸ್ಪೂಲೊ ಸಂತೋಷದಲ್ಲಿ ಗಲಿಬಿಲಿಗೊಂಡು ತನಗೆ ಗೊತ್ತಿದ್ದ ಒಂದೇ ಮಾತನ್ನು ಹೇಳಿದ.

"ಟೀಚರ್, ನನ್ನ ಮಗಂಗೆ ಧರ್ಮತಾಯಿ ಆಗ್ತೀರಾ?"

ಟೀಚರ್ ಹೋದ ಮೇಲೆ ಹೆಂಡತಿ ರೆಮಿ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

"ಅವರೇ ಕೇಳ್ಕೊಂಡು ಬಂದಿದ್ರು. ಮತ್ಯಾಕೆ ಕೇಳಿದೆ?"

"ಅಭ್ಯಾಸ ಆಗ್ಬಿಟ್ಟಿದೆ ಕಣೆ."

"ಒಬ್ಬರ ವಿಷ್ಯ ಇನ್ನೊಬ್ಬರಿಗೆ ಗೊತ್ತಾ?"

"ಮಗುಗೆ ಮೂರು ಜನ ಇದ್ರೆ ತಪ್ಪೇನು? ಅಕ್ಕಿ ಗಿರಣಿಯವರ ಮಗಂಗೆ ಮೂವತ್ತು ಜನ ಇದ್ರು."

"ಮಗು ವಿಷ್ಯ ಅಲ್ಲ ನಾನು ಹೇಳ್ತಿರೋದು. ಅಮಿ ವಿಷ್ಯ. ಮೂರು ಜನಕ್ಕೂ ಅಮಿ ನಿಮ್ಮವಳೇ ಅಂದಿದ್ದೀಯಲ್ಲ!"

"ಯಾರು ಚೆನ್ನಾಗಿ ಕಲಿಸ್ತಾರೋ ನೋಡಿ ಒಬ್ಬರನ್ನ ಇಟ್ಕೊಂಡು, ಉಳಿದವರಿಗೆ ಮೆಲ್ಲಗೆ ಹೇಳಿದ್ರಾಯ್ತು."

"ಯಾರು ಹೇಳೋದು? ನೀನಾ?" ಎಂದು ರೆಮಿ ನಕ್ಕಳು. ಎಷ್ಟು ನಕ್ಕಳೆಂದರೆ ಮಗು ಎದ್ದು ಅಳತೊಡಗಿತು.

ಹೇಳಲಾಗದ್ದನ್ನು ಮುಚ್ಚಿಡುವುದಷ್ಟೇ ಉಳಿದಿತ್ತು. ದೀಕ್ಷಾಸ್ನಾನಕ್ಕೆ ಮೊದಲು ಅಪ್ಪನೂ ಧರ್ಮತಂದೆ ತಾಯಿಯರೂ ಒಂದು ಶನಿವಾರ ಚರ್ಚಿನ ಸಭಾಭವನದಲ್ಲಿ ಫಾದರ್ ಮೆಲೆಸಿಯೊ ಹೇಳುವ ಪಾಠ ಕೇಳಬೇಕು. ಮೂವರೂ ಒಟ್ಟಿಗೆ ಕೂತರೆ ಮಾತು ಬರುತ್ತದೆ, ಮಾತಿಗೆ ಮಾತು ಸೇರುತ್ತದೆ. ಕ್ರಿಸ್ಪೂಲೊ ಒಬ್ಬೊಬ್ಬರನ್ನು ಒಂದೊಂದು ಶನಿವಾರ ಕರೆದುಕೊಂಡು ಹೋದ. ಅದೇ ಪಾಠ, ಅದೇ ಬೆಂಚು. ಮಗುವನ್ನು ನೋಡಿಕೊಳ್ಳಲು ಅಮಿಯನ್ನೂ ಕರೆದೊಯ್ಯುತ್ತಿದ್ದ. ಅವಳು ಮಗುವನ್ನು ಗಂಟೆ ಹೊಡೆಯುವವನ ಹೆಂಡತಿಯ ಕೈಗೆ ಕೊಟ್ಟು ಭವನದ ಆಚೆ ತುದಿಗೆ ಹೋಗುತ್ತಿದ್ದಳು. ಅಲ್ಲಿ ಫಾದರ್ ಮಕ್ಕಳಿಗೆ ಆಟ ಕಲಿಸುವ ಹಳೆಯ ಟೇಬಲ್ ಟೆನಿಸ್ ಮೇಜಿನ ಮೇಲೆ ಗಂಟೆ ಹೊಡೆಯುವವನು ಚೆಂಡು ಬಡಿಯುತ್ತಿರುತ್ತಿದ್ದ, ಅವಳೂ ಒಂದು ಬ್ಯಾಟು ಎತ್ತಿಕೊಳ್ಳುತ್ತಿದ್ದಳು.

ಮೂರನೆಯ ಶನಿವಾರ ಫಾದರ್ ಮೆಲೆಸಿಯೊ ಪಾಠ ನಿಲ್ಲಿಸಿ ಕೇಳಿದರು, "ಕ್ರಿಸ್ಪೂಲೊ, ಈ ಪಾಠಕ್ಕೆ ಒಂದ್ಸಲ ಬರೋಕೇ ಜನ ಅಳ್ತಾರೆ. ನೀನು ಮೂರನೇ ಸಲ ಬಂದಿದ್ದೀಯ. ಪಾದ್ರಿ ಆಗೋ ಯೋಚನೆ ಏನಾದ್ರೂ ಇದೆಯಾ? ಹೆಂಡ್ತಿನ ಕೇಳಿದ್ದೀಯಾ?"

"ನಿಮ್ಮ ಮಾತು ಕೇಳಿದಷ್ಟೂ ಕೇಳ್ಬೇಕು ಅನ್ಸುತ್ತೆ ಫಾದರ್," ಎಂದ ಕ್ರಿಸ್ಪೂಲೊ. ಪಕ್ಕದಲ್ಲಿದ್ದ ಟೀಚರ್ ಪೆರ್ಲಾ ಇಂಥ ಭಕ್ತ ತನ್ನ ಪಾರೆಯಾದನಲ್ಲ ಎಂದು ಹೆಮ್ಮೆಪಟ್ಟಳು.

ಅಷ್ಟರಲ್ಲಿ ಅಮಿಯ ದಿನಚರಿಗೆ ಸಂಜೆಯ ಓಟವೂ ಸೇರಿತ್ತು. ಅವಳು ಗಣಿತದ ಪಾಠದಲ್ಲಿ ನಿದ್ದೆಹೋದಳು. ಪ್ರಾರ್ಥನೆಯಲ್ಲಿ ಮೊಣಕಾಲೂರಿದವಳು ಹಾಗೆಯೇ ನಿದ್ದೆಹೋದಳು, ನೋಡಿದವರು ಅಪ್ಪನಂತೆ ಮಗಳೂ ಎಂದು ಮೆಚ್ಚಿಕೊಂಡರು. ಒಂದು ದಿನ ಊಟದಲ್ಲಿ ಚಮಚದ ಬದಲು ಬೆತ್ತದ ಕೋಲಿನಿಂದ ಅನ್ನ ಕಲಸಿದಳು. ಕ್ರಿಸ್ಪೂಲೊ ಅದನ್ನು ನೋಡಿ, "ಎಷ್ಟು ತಲ್ಲೀನತೆ!" ಎಂದ. ರೆಮಿ ಗಂಡನನ್ನು ನೋಡಿದ ನೋಟಕ್ಕೆ ಇಲ್ಲಿ ಅಕ್ಷರ ಸಾಲದು.

ದೀಕ್ಷಾಸ್ನಾನದ ಭಾನುವಾರ ಬಂತು. ಮೂವರೂ ಸಾಲಾಗಿ ನಿಂತರು. ದೆಲ್ಫಿನ್‌ನ ಕತ್ತಿನಲ್ಲಿ ಸೀಟಿ ಇತ್ತು. ಉರ್ಬಾನೊ ಯಾರ ಮದುವೆಯದೋ ಹಳೆಯ ಕೋಟು ಹಾಕಿಕೊಂಡು, ಮಗುವನ್ನು ಗಾಜಿನ ಸಾಮಾನಿನಂತೆ ಎತ್ತಿಕೊಂಡಿದ್ದ. ಮಗುವಿಗೆ ಧರ್ಮತಂದೆ ತಾಯಿಯರು ಎಷ್ಟು ಜನ ಇದ್ದರೂ ಚೆಂದವೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

"ಮಗುವಿನ ಹೆಸರೇನು?" ಎಂದರು ಫಾದರ್.

ಯಾರ ಹೆಸರನ್ನು ಇಟ್ಟು ಯಾರ ಹೆಸರನ್ನು ಬಿಡುವುದು? ಕ್ರಿಸ್ಪೂಲೊ ಹಿಂದಿನ ದಿನವೇ ಅದನ್ನು ಬಗೆಹರಿಸಿದ್ದ. "ದೆಲ್ಫಿನ್ ಉರ್ಬಾನೊ ಪೆರ್ಲಿಟೊ, ಫಾದರ್."

ಫಾದರ್ ಮೆಲೆಸಿಯೊ ನೀರಿನ ಪಾತ್ರೆ ಹಿಡಿದು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. "ಇಷ್ಟೇನಾ, ಅಥವಾ ಇನ್ನೂ ಯಾರಾದ್ರೂ ಬರೋರಿದ್ದಾರಾ?" ಎಂದು ಕೇಳಿ ನೀರು ಹಾಕಿದರು. ಮಗು ಕಿರುಚಿತು.

ಊಟ ಮನೆಯ ಅಂಗಳದಲ್ಲಿ. ಹನ್ನೊಂದು ಗಂಟೆಗೆ ಬಿಸಿಲು ಏರಿ ಜನ ಕೂರಲಾಗಲಿಲ್ಲ. ಯಾರೋ ಹೋಗಿ ಜೋಮಾರನ ಫ್ಲೆಕ್ಸ್ ಬಿಚ್ಚಿ ತಂದು ನಾಲ್ಕು ಗಳಕ್ಕೆ ಕಟ್ಟಿ ಚಪ್ಪರ ಮಾಡಿದರು. ಕಿಟಕಿಗೆ ಗಾಳಿ ಬಂತು. ಊರಿಗೆ ಊರೇ ತನ್ನ ಮೊಮ್ಮಗನ ಕಾಲಡಿ ಕೂತು ಉಣ್ಣುತ್ತದೆಂದು ಆಲಿಂಗ್ ಚಾರಿಂಗ್ ಕೂಡ ಸಂತೋಷಪಟ್ಟಳು. ಶ್ಯಾವಿಗೆಯ ಪಾನ್ಸಿತ್ ಬಂತು, ಕೋಳಿ ಬಂತು, ಅಕ್ಕಿಯ ಬಿಳಿ ಪುತೊ ಬಂತು. ಎಲ್ಲ ಚೆನ್ನಾಗಿತ್ತು. ಆಮೇಲೆ ಟೀಚರ್ ಪೆರ್ಲಾ ಚೀಲದಿಂದ ಒಂದು ಕಾಗದ ತೆಗೆದಳು.

"ಪಾರೆ, ಇದಕ್ಕೊಂದು ಸಹಿ. ಶಾಲೆಗಳ ಕ್ರೀಡಾಕೂಟದ ಅರ್ಜಿ. ಒಂದು ಮಗು ಒಂದೇ ಆಟ, ನಾಳೆ ಬೆಳಿಗ್ಗೆ ಹತ್ತಕ್ಕೆ ಕೊನೆ. ಓಟ ಅಂತ ನಾನೇ ತುಂಬಿದ್ದೀನಿ."

ಕೋಳಿಯ ಕಾಲು ಕಡಿಯುತ್ತಿದ್ದ ದೆಲ್ಫಿನ್ ಅದನ್ನು ಕೆಳಗಿಟ್ಟ. "ಮಾರೆ," ಎಂದ, ಕುಂಪಾರೆ ಹೆಂಗಸಾದರೆ ಹಾಗೆ ಕರೆಯುವುದು. "ನೀವೇನೋ ತಪ್ಪು ತಿಳ್ಕೊಂಡಿದ್ದೀರ. ಅಮಿ ನನ್ನ ತಂಡ. ಅರ್ಜಿ ನನ್ನ ಹತ್ರ ಇದೆ." ಜೇಬಿನಿಂದ ತೆಗೆದು ಪಾನ್ಸಿತ್ ತಟ್ಟೆಯ ಪಕ್ಕ ಇಟ್ಟ.

ಉರ್ಬಾನೊ ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಬಿಡಿಸಿ, ಅಂಗೈಯಿಂದ ಸವರಿ ನೇರಮಾಡಿ ಅವೆರಡರ ನಡುವೆ ಇಟ್ಟ.

ಆಲಿಂಗ್ ಚಾರಿಂಗ್ ತನ್ನ ಕುರ್ಚಿಯನ್ನು ಎರಡಡಿ ಮುಂದಕ್ಕೆ ಎಳೆದುಕೊಂಡಳು.

"ಆ ಹುಡುಗಿ ನನ್ನ ಹತ್ರ ನಾಲ್ಕು ವಾರದಿಂದ ಬರ್ತಿದ್ದಾಳೆ!" ಎಂದ ದೆಲ್ಫಿನ್.

"ನಿಮ್ಮ ಹತ್ರ ಬರ್ತಿದ್ದಾಳಾ? ನಿಮ್ಮಿಂದ ಓಡ್ತಿದ್ದಾಳೆ. ಅದನ್ನ ನೋಡೇ ನಾನು ಇವಳು ಓಟಗಾರ್ತಿ ಅಂದ್ಕೊಂಡಿದ್ದು!" ಎಂದಳು ಟೀಚರ್ ಪೆರ್ಲಾ.

"ಓಡ್ತಿದ್ದದ್ದು ನನ್ನ ತೋಪಿಗೆ," ಎಂದ ಉರ್ಬಾನೊ.

ಕ್ರಿಸ್ಪೂಲೊ ಐಸ್ ತರುತ್ತೇನೆಂದು ಒಳಗೆ ಹೋದ. ಐಸ್ ಇಲ್ಲದೆ ಹೊರಗೆ ಬಂದ. ಮತ್ತೆ ಒಳಗೆ ಹೋಗಿ ತನ್ನ ಅತಿ ದೊಡ್ಡ ಕರೋಕೆ ಪೆಟ್ಟಿಗೆಯನ್ನು ತಳ್ಳಿಕೊಂಡು ಬಂದು ಪ್ಲಗ್ ಹಾಕಿ, "ಯಾರು ಮೊದ್ಲು ಹಾಡ್ತೀರಾ?" ಎಂದ. ಸಂಗೀತ ಗುಡುಗಿತು. ಉರ್ಬಾನೊ ಊಟದ ಮೇಜಿಗೆ ಒರಗಿಸಿದ್ದ ಬೆತ್ತವನ್ನು ಕೂತಲ್ಲಿಂದಲೇ ಚಾಚಿ ಪ್ಲಗ್ ಹಾರಿಸಿದ. ಹಾಡು ಅರ್ಧಕ್ಕೇ ನಿಂತಿತು.

"ಒಂದು ಪ್ರಶ್ನೆ," ಎಂದ ಉರ್ಬಾನೊ. ಧ್ವನಿ ಏರಿಸಲಿಲ್ಲ. "ನೀನು ಅವತ್ತು ಕೇಳಿದ್ದು ನನ್ನನ್ನಾ, ನನ್ನ ಕೋಲನ್ನಾ?"

ಕ್ರಿಸ್ಪೂಲೊನ ಕಣ್ಣು ರೆಮಿಯನ್ನು ಹುಡುಕಿತು. ಅವಳು ಸಹಾಯ ಮಾಡಲಿಲ್ಲ. ಮೂವರು ಕುಂಪಾರೆಗಳಲ್ಲಿ ಒಬ್ಬರಿಗೆ ಸಹಿ ಹಾಕಿದರೆ ಇಬ್ಬರು ಹೋದರು. ಹಾಕದಿದ್ದರೆ ಮೂವರೂ ಹೋದರು. ಈ ಮುದುಕ ಹೋದರೆ ಮತ್ತೆ ಯಾರ ಅಂಗಳಕ್ಕೂ ಬರುವವನಲ್ಲ. ಇಷ್ಟು ಲೆಕ್ಕ ಕ್ರಿಸ್ಪೂಲೊನಿಗೂ ತಿಳಿಯುತ್ತಿತ್ತು. ಸುಳ್ಳು ಹುಡುಕಿದ, ಸಿಗಲಿಲ್ಲ.

"ಮೊದ್ಲು ಕೋಲನ್ನೇ ಕೇಳಿದ್ದು ಮಾಸ್ಟರ್," ಎಂದ. "ಆಮೇಲೆ ನೀವು ಅತ್ರಲ್ಲ, ಅವತ್ತಿಂದ ನಿಮ್ಮನ್ನೇ."

"ನಾನು ಅತ್ತಿಲ್ಲ. ಬೆತ್ತದ ಧೂಳು."

"ಹೌದು ಮಾಸ್ಟರ್. ಧೂಳು."

ಉರ್ಬಾನೊ ತನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದ ಮೂರು ಹೆಸರಿನ ಮಗುವನ್ನು ನೋಡಿದ. ಎದ್ದು ಹೋಗಲಿಲ್ಲ. ಅಷ್ಟೇ ಸಾಕಾಗಿತ್ತು. ರೆಮಿ ಸೌಟು ಕೆಳಗಿಟ್ಟು ಮೂರೂ ಅರ್ಜಿಗಳನ್ನು ಒಟ್ಟಿಗೆ ಎತ್ತಿಕೊಂಡಳು.

"ನಾಲ್ಕು ವಾರ ಆಯ್ತು," ಎಂದಳು. "ಅಮೀನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಕೋಚ್‌ಗಳು ಒಬ್ಬರ ಮುಖ ಒಬ್ಬರು ನೋಡಿದರು. ಅಮಿ ಎಲ್ಲಿ ಎಂದು ಹುಡುಕಿದಾಗ ಅವಳು ಮೇಜಿನ ಕೆಳಗೆ ಪುತೊ ಕೈಯಲ್ಲಿ ಹಿಡಿದು ನಿದ್ದೆ ಮಾಡುತ್ತಿದ್ದಳು. ಎಬ್ಬಿಸಿದೊಡನೆ ನೆಗೆದು ನಿಂತು, ಒಂದು ಕೈಯಿಂದ ಇಲ್ಲದ ಚೆಂಡು ಪುಟಿಸಿ, ಇನ್ನೊಂದು ಕೈಯಿಂದ ಇಲ್ಲದ ಕೋಲು ತಿರುಗಿಸಿ, ಬಗ್ಗಿ ಓಟಕ್ಕೆ ಸಿದ್ಧಳಾದಳು. ಯಾರೂ ಸೀಟಿ ಊದದಿದ್ದಾಗ ಮೆಲ್ಲಗೆ ನೆಟ್ಟಗಾದಳು.

"ನಿಂಗೇನು ಬೇಕೋ ಹೇಳು ಕಂದ," ಎಂದಳು ರೆಮಿ.

ಅಮಿ ಮೂವರನ್ನೂ ನೋಡಿದಳು. "ನಿನೋಂಗ್ ದೆಲ್ಫಿನ್ ಚೆನ್ನಾಗಿ ಹೇಳ್ಕೊಡ್ತಾರೆ. ನಿನೋಂಗ್ ಉರ್ಬಾನೊ ಬಯ್ಯಲ್ಲ. ಟೀಚರ್ ಬಾಳ್ಹಣ್ಣು ಕೊಡ್ತಾರೆ," ಎಂದು ಮೊದಲು ಎಲ್ಲರಿಗೂ ಅವರವರ ಪಾಲು ಹಂಚಿದಳು. ಆಮೇಲೆ ಹೇಳಿದಳು, "ನಂಗೆ ಟೇಬಲ್ ಟೆನಿಸ್ ಬೇಕು. ಚರ್ಚಲ್ಲಿ ಫಾದರ್ ಕಲಿಸ್ತಾರಲ್ಲ, ಅದು."

"ಯಾಕಮ್ಮ ಅದು?"

"ಚೆಂಡು ಪುಟ್ಟದು, ಟಕ್ ಅನ್ನುತ್ತೆ. ಮತ್ತೆ," ಎಂದು ಅಮಿ ನಿಟ್ಟುಸಿರುಬಿಟ್ಟಳು, "ನಿಂತ ಕಡೇನೇ ಆಡ್ಬಹುದು."

ದೆಲ್ಫಿನ್ ಉರ್ಬಾನೊನನ್ನು ನೋಡಿದ. ಉರ್ಬಾನೊ ಗೆದ್ದಿರಲಿಲ್ಲ. ಟೀಚರ್ ಪೆರ್ಲಾ ದೆಲ್ಫಿನ್‌ನನ್ನು ನೋಡಿದಳು. ಅವನೂ ಗೆದ್ದಿರಲಿಲ್ಲ. ಅಂಗಳದ ಮೇಲೆ ತಣ್ಣನೆಯ ಒಂದು ನೆಮ್ಮದಿ ಹರಡಿತು.

"ಟೇಬಲ್ ಟೆನಿಸ್ ಒಳ್ಳೇ ಆಟ," ಎಂದ ದೆಲ್ಫಿನ್. "ಕಣ್ಣು ಚುರುಕಾಗಿರ್ಬೇಕು. ಅದು ನಾನು ಮಾಡಿದ್ದು."

"ಮಣಿಕಟ್ಟು ನಂದು," ಎಂದ ಉರ್ಬಾನೊ.

"ಕಾಲು ಯಾರದು ಅಂತ ನಾನು ಹೇಳೋದೇ ಬೇಡ," ಎಂದಳು ಟೀಚರ್ ಪೆರ್ಲಾ. ಚೀಲದಿಂದ ಖಾಲಿ ಅರ್ಜಿಯೊಂದನ್ನು ತೆಗೆದು ಕೊಟ್ಟಳು. "ಆದ್ರೆ ಪಾರೆ, ಇದಕ್ಕೆ ಆ ಆಟದ ಕೋಚ್ ಸಹಿ ಬೇಕು. ನಾಳೆ ಹತ್ತರೊಳಗೆ."

ಆಗ ಕ್ರಿಸ್ಪೂಲೊನಿಗೆ ನಿಜವಾದ ಭಯ ಹುಟ್ಟಿತು. ಫಾದರ್ ಮೆಲೆಸಿಯೊ ಈಗಷ್ಟೇ ತಮ್ಮ ಕೈಯಾರೆ ಮಗುವಿಗೆ ನೀರು ಹಾಕಿದ್ದರು. ನೀರು ಹಾಕಿದವರನ್ನೇ ನಿನೋಂಗ್ ಮಾಡುವ ಹಾಗಿರಲಿಲ್ಲ. ಮಾಡೋಣವೆಂದರೆ ದೀಕ್ಷಾಸ್ನಾನಕ್ಕೆ ಬೇರೆ ಮಗುವೂ ಉಳಿದಿರಲಿಲ್ಲ. ಅವನು ತನಗರಿವಿಲ್ಲದೆ ರೆಮಿಯ ಕಡೆ ತಿರುಗಿದ.

"ನನ್ನ ಕಡೆ ನೋಡ್ಬೇಡ," ಎಂದಳು ರೆಮಿ.

ನಾಲ್ಕು ಗಂಟೆಗೆ ಕ್ರಿಸ್ಪೂಲೊ ಅಮಿಯ ಕೈ ಹಿಡಿದು ಚರ್ಚಿನ ಭವನಕ್ಕೆ ಹೊರಟ. ಹಿಂದೆ ಮೂವರು ಕುಂಪಾರೆಗಳು, ಅವರ ಹಿಂದೆ, ಸುಮ್ಮನೆ ಗಾಳಿಗೆ ಬಂದೆ ಎನ್ನುತ್ತಾ ಆಲಿಂಗ್ ಚಾರಿಂಗ್. ಫಾದರ್ ಮೆಲೆಸಿಯೊ ಚಡ್ಡಿ ಬನಿಯನ್ನಿನಲ್ಲಿ ಮೇಜಿನ ಬಲೆ ಬಿಗಿಯುತ್ತಿದ್ದರು.

ಕ್ರಿಸ್ಪೂಲೊ ಮಳೆಯ ಬಗ್ಗೆ ಶುರುಮಾಡಿದ. ಫಾದರ್ ಕೈ ಎತ್ತಿದರು.

"ಮೂರು ಶನಿವಾರ ಯಾಕೆ ಬಂದೆ ಅಂತ ಊರಿಗೆಲ್ಲ ಗೊತ್ತಾಗಿದೆ. ನನ್ನನ್ನ ಕುಂಪಾರೆ ಮಾಡ್ಕೊಳ್ಳೋಕೆ ಆಗಲ್ಲ, ಗೊತ್ತಲ್ಲ?"

"ಗೊತ್ತು ಫಾದರ್."

"ಅಂದ್ರೆ ಈ ಊರಲ್ಲಿ ನಿಂಗೆ ಇಲ್ಲ ಅನ್ನೋಕೆ ಆಗೋ ಕೋಚ್ ನಾನೊಬ್ಬನೇ."

"ಹೌದು ಫಾದರ್."

"ಹಾಗಾದ್ರೆ ಹೇಗೆ ಕೇಳ್ತೀಯ?"

ಕ್ರಿಸ್ಪೂಲೊ ಅಮಿಯ ಕೈಯನ್ನು ಬಿಗಿಯಾಗಿ ಹಿಡಿದ. ಬೆವರಿದ. ಹಿಂದಿನಿಂದ ದೆಲ್ಫಿನ್, "ಹೇಳು ಪಾರೆ, ಹೇಳು," ಎಂದು ಪಿಸುಗುಟ್ಟಿದ.

"ನನ್ನ ಮಗಳಿಗೆ ಈ ಆಟ ಇಷ್ಟ," ಎಂದ ಕ್ರಿಸ್ಪೂಲೊ. "ಕಲಿಸ್ತೀರಾ?"

ಅಷ್ಟೇ. ಎರಡು ವಾಕ್ಯ. ಅವನಿಗೇ ಆಶ್ಚರ್ಯವಾಯಿತು.

ಫಾದರ್ ಅಮಿಗೆ ಒಂದು ಬ್ಯಾಟ್ ಕೊಟ್ಟರು. "ಹನ್ನೊಂದು ಪಾಯಿಂಟಿನ ಒಂದು ಆಟ. ನನ್ನ ಮೇಲೆ ಎರಡೇ ಎರಡು ಪಾಯಿಂಟ್ ತಗೋ, ಸಹಿ ಹಾಕ್ತೀನಿ. ಇಲ್ಲಾಂದ್ರೆ ಮುಂದಿನ ವರ್ಷ. ಉಳಿದೋರೆಲ್ಲ ಹೊರಗೆ."

ಉಳಿದವರೆಲ್ಲ ಹೊರಗೆ ಬಂದು ಕಿಟಕಿಗೆ ಮುಖವಿಟ್ಟರು.

"ಎತ್ತರಕ್ಕೆ ಹಾರು ಅಮಿ!"

"ಹಾರ್ಬೇಡ, ಓಡು!"

"ಕೋಲು ಮೇಲೆ... ಬ್ಯಾಟು, ಬ್ಯಾಟು ಮೇಲೆ!"

"ಒದಿ!" ಎಂದಳು ಆಲಿಂಗ್ ಚಾರಿಂಗ್, ಗೊತ್ತಿದ್ದ ಒಂದೇ ಆಟದಿಂದ.

ಫಾದರ್ ಬಂದು ಕಿಟಕಿಯ ಬಾಗಿಲು ಹಾಕಿ ಚಿಲಕ ಜಡಿದರು.

ಒಳಗೆ ಟಕ್, ಟಕ್, ಟಕ್. ಆಮೇಲೆ ನಿಶ್ಶಬ್ದ. ಮತ್ತೆ ಟಕ್, ಟಕ್. ಯಾರಿಗೆ ಎಷ್ಟು ಎಂದು ತಿಳಿಯುವ ಬಗೆಯಿರಲಿಲ್ಲ. ಗೋಡೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ಒಂದು ಕಿಂಡಿ ಇತ್ತು. ದೆಲ್ಫಿನ್ ತುದಿಗಾಲಲ್ಲಿ ನಿಂತರೂ ಎಟುಕಲಿಲ್ಲ. ಅವನು ಉರ್ಬಾನೊನನ್ನು ನೋಡಿದ, ಉರ್ಬಾನೊ ಅವನನ್ನು ನೋಡಿದ. ಟೀಚರ್ ಪೆರ್ಲಾ ಮುದುಕನ ಕೋಟು ಹಿಡಿದುಕೊಂಡಳು. ಅರವತ್ತೊಂಬತ್ತರ ಉರ್ಬಾನೊ ತೆಂಗಿನ ಮರ ಹತ್ತುವವನಂತೆ ದೆಲ್ಫಿನ್‌ನ ಹೆಗಲು ಹತ್ತಿದ. ದೆಲ್ಫಿನ್‌ನ ಮೊಣಕಾಲು ನಡುಗದಂತೆ ಕ್ರಿಸ್ಪೂಲೊ ಎರಡೂ ಕೈಯಿಂದ ತಬ್ಬಿ ಹಿಡಿದ.

"ಏನಾಗ್ತಿದೆ? ಪಾರೆ, ಏನಾಗ್ತಿದೆ?"

"ಸುಮ್ನಿರು. ಆಡ್ತಿದ್ದಾರೆ."

"ಅಮಿಗೆ ಬಂತಾ?"

"ಇಲ್ಲ... ಇಲ್ಲ... ಇಲ್ಲ..." ಪ್ರತಿ ಇಲ್ಲಕ್ಕೂ ಕ್ರಿಸ್ಪೂಲೊ ಮೊಣಕಾಲನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದ. ಎಷ್ಟು ಇಲ್ಲಗಳಾದವೆಂದು ಎಣಿಸಲು ಅವನಿಗೆ ಧೈರ್ಯವಾಗಲಿಲ್ಲ. "ತಡಿ. ಫಾದರ್ ಬೆಂಚಿನ ಕೆಳಗೆ ಹೋಗಿದ್ದಾರೆ."

"ಯಾಕೆ?"

"ಚೆಂಡು ಹುಡುಕ್ತಿದ್ದಾರೆ. ಅಮಿಗೆ ಒಂದು."

ಟೀಚರ್ ಪೆರ್ಲಾ ಕೋಟನ್ನು ಬಾಯಿಗೆ ಒತ್ತಿಕೊಂಡಳು. ಒಳಗೆ ಮತ್ತೆ ಟಕ್ ಟಕ್ ಶುರುವಾಯಿತು. ಈ ಸಲ ಬಹಳ ಹೊತ್ತು ನಡೆಯಿತು. ಬೀದಿಯಲ್ಲಿ ಹೋಗುತ್ತಿದ್ದ ರಿಕ್ಷಾದವನು ಗಾಡಿ ನಿಲ್ಲಿಸಿ, ಒಬ್ಬರಿಗೊಬ್ಬರು ಅಂಟಿಕೊಂಡು ನಿಂತ ಮೂವರು ಗಂಡಸರನ್ನು ನೋಡಿ, "ಅಲ್ಲೇನ್ರೋ?" ಎಂದು ಕೂಗಿದ.

ಆಮೇಲೆ ಹೆಗಲ ಮೇಲಿನಿಂದ ಮುದುಕ ಒಂದು ಸದ್ದು ಮಾಡಿದ. ಸಾನ್ ತೆಲ್ಮೊದಲ್ಲಿ ಯಾರೂ ಅವನು ನಕ್ಕಿದ್ದನ್ನು ಕೇಳಿರಲಿಲ್ಲವಾದ್ದರಿಂದ ಮೊದಲು ಕೆಮ್ಮು ಎಂದುಕೊಂಡರು.

"ಪಾರೆ," ಎಂದ ಉರ್ಬಾನೊ, "ಫಾದರ್ ಮತ್ತೆ ಬೆಂಚಿನ ಕೆಳಗೆ ಹೋದ್ರು."